ತಾತನ ಹೆಸರಿನ ಡಬ್ಬಿ

ನಾನು ಕಿತಾಪತಿ ಮಾಡಿದ ದಿನ ನಮ್ಮ ಬೀದಿಯಲ್ಲಿ ಏನೂ ಆಗುವುದಿಲ್ಲ. ಕೈಕಟ್ಟಿ ಸುಮ್ಮನೆ ಕೂತ ದಿನವೇ ಏನಾದರೊಂದು ಆಗಿ, ಎಲ್ಲರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಒಂದು ಸಲ ನಾಳೆಯಿಂದ ಎರಡು ದಿನ ನಲ್ಲಿ ಬರುವುದಿಲ್ಲ ಅಂತ ಬೆಳಗಿನ ಹಾಲಿನ ಜೊತೆ ಸುಳ್ಳು ಸುದ್ದಿ ಹಂಚಿದ್ದೆ, ನಿಜ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯವರು ಹಂಡೆ, ಕೊಳಗ, ಕೊನೆಗೆ ದೇವರ ಮನೆಯ ಪಂಚಪಾತ್ರೆಯನ್ನೂ ಬಿಡದೆ ತುಂಬಿಸಿಟ್ಟರು. ಮುಂದಿನ ತಿಂಗಳು ನಿಜವಾಗಲೂ ಪೈಪು ಒಡೆದದ್ದನ್ನು ಕಣ್ಣಾರೆ ಕಂಡು ಓಡಿ ಬಂದು ಹೇಳಿದಾಗ ಒಬ್ಬರೂ ಒಂದು ಚೊಂಬು ನೀರು ಹಿಡಿಯಲಿಲ್ಲ. ಅವತ್ತಿನಿಂದ ನನ್ನ ಮಾತಿಗೆ ಬೀದಿಯಲ್ಲಿ ಬೆಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದೆಲ್ಲ ನಿಜ.

೧. ಎರಡು ಬೆರಳು

ನಾನು ಓದಿದ್ದು ಮಿಡ್ಲ್ ಸ್ಕೂಲಿನ ಅರ್ಧದವರೆಗೆ. ಅಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಹೆಡ್‌ಮೇಷ್ಟ್ರು ನಮ್ಮ ಬೀದಿಯವರೇ, ನಮ್ಮ ಮನೆಗೆ ಆರನೇ ಮನೆ. ಈಗ ರಿಟೈರಾಗಿದ್ದಾರೆ.

ಶಾಲೆಯ ಪದ್ಧತಿ ಎಲ್ಲರಿಗೂ ಗೊತ್ತು. ಒಂದಕ್ಕೆ ಹೋಗಬೇಕಾದರೆ ಒಂದು ಬೆರಳು ಎತ್ತಬೇಕು, ಎರಡಕ್ಕಾದರೆ ಎರಡು. ಒಂದು ಬೆರಳಿಗೆ ಸಿಗುವುದು ಐದು ನಿಮಿಷ, ಎರಡು ಬೆರಳಿಗೆ ಇಡೀ ಪೀರಿಯಡ್ಡು. ಹಾಗಾಗಿ ನಾನು ಯಾವತ್ತೂ ಒಂದು ಬೆರಳು ಎತ್ತಿದವನಲ್ಲ. ಒಂದು ದಿನ ಮೇಷ್ಟ್ರು ಹಿಂದೆಯೇ ಬಂದು ಸೀಬೆ ಮರದ ಮೇಲೆ ನನ್ನನ್ನು ಹಿಡಿದರು. "ಸತ್ಯವನ್ನೇ ನುಡಿ" ಅಂತ ನೂರು ಸಲ ಕಾಪಿ ಬರೆಸಿದರು. ಅಲ್ಲಿಂದಾಚೆಗೆ ನಾನು ಎಷ್ಟು ಬೆರಳು ಎತ್ತಿದರೂ "ಕೂತ್ಕೊ" ಅನ್ನುವುದೊಂದೇ ಮಾತು.

ಆಮೇಲೆ ಒಂದು ದಿನ ನಿಜವಾಗಲೂ ಬಂತು. ಎರಡು ಬೆರಳು ಎತ್ತಿದೆ. "ಕೂತ್ಕೊ" ಅಂದರು. ಮತ್ತೆ ಎತ್ತಿದೆ. "ಕೂತ್ಕೊ ಅಂದೆ." ಮೂರನೇ ಸಲ ಎರಡೂ ಕೈಯಿಂದ ನಾಲ್ಕು ಬೆರಳು ಎತ್ತಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬಡ್ಡಿ ಲೆಕ್ಕ ಬರೆದರು.

ಆ ದಿನದ ನಂತರ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ. ಫೇಲಾದೆ ಅಂತ ಜನ ಹೇಳುತ್ತಾರೆ. ಫೇಲಾಗಲಿಲ್ಲ. ಬೆಂಚಿನಿಂದ ಎದ್ದು ನಿಲ್ಲುವ ಹಾಗಿರಲಿಲ್ಲ, ಅಷ್ಟೆ.

೨. ಮನೇಲಿ ಎಷ್ಟು ಜನ?

ಇದಾಗಿ ಮೂರು ವರ್ಷಕ್ಕೆ ಬೀದಿಯ ಮೂಲೆಮನೆಗೆ ಒಬ್ಬರು ಡಾಕ್ಟರಮ್ಮ ಬಾಡಿಗೆಗೆ ಬಂದರು. ಮದ್ದು ಕೊಡುವ ಡಾಕ್ಟರಲ್ಲ. ಆರೋಗ್ಯವಾಗಿರುವವರ ಹೊಟ್ಟೆಯೊಳಗೆ ಯಾವ ಯಾವ ಬ್ಯಾಕ್ಟೀರಿಯಾ ಸಂಸಾರ ಹೂಡಿಕೊಂಡಿವೆ ಅಂತ ಪತ್ತೆ ಮಾಡಿ, ಅವುಗಳ ಕುಲ ಜಾತಿ ಬೇರ್ಪಡಿಸುವ ಡಾಕ್ಟರು. ಅವರು ಬಂದ ವಾರವೇ ಬಗಲಲ್ಲಿ ಉದ್ದನೆಯ ರಿಜಿಸ್ಟರು ಇಟ್ಟುಕೊಂಡು ಮನೆ ಮನೆ ಬಾಗಿಲು ತಟ್ಟಿದರು. "ಮನೇಲಿ ಎಷ್ಟು ಜನ? ಹದಿನೆಂಟು ತುಂಬಿದವರ ಹೆಸರು, ವಯಸ್ಸು ಹೇಳಿ."

ಅದು ರೇಷನ್ ಕಾಲ. ರಿಜಿಸ್ಟರು ಹಿಡಿದು "ಎಷ್ಟು ಜನ" ಅಂತ ಕೇಳಿಕೊಂಡು ಬರುವವರು ರೇಷನ್ ಆಫೀಸಿನವರು ಮಾತ್ರ. ಅಂಥವರಿಗೆ ಮನೆಯಲ್ಲಿರುವವರನ್ನು ಹೇಳಬಾರದು, ಕಾರ್ಡಿನಲ್ಲಿರುವವರನ್ನು ಹೇಳಬೇಕು ಅನ್ನುವುದು ತೊಟ್ಟಿಲ ಕೂಸಿಗೂ ಗೊತ್ತು. ಮೇಷ್ಟ್ರು ಬೊಂಬಾಯಿಗೆ ಹೋಗಿ ನಾಲ್ಕು ವರ್ಷವಾದ ಬಾಮೈದನನ್ನು ಬರೆಸಿದರು. ಎದುರು ಮನೆಯವರು ಮದುವೆಯಾಗಿ ಹೋದ ಮಗಳನ್ನು ಬರೆಸಿದರು. ನಮ್ಮಜ್ಜಿ ತಾತನನ್ನು ಬರೆಸಿತು.

"ಎಪ್ಪತ್ತೊಂದು ವರ್ಸ ಕಣವ್ವ. ಗಟ್ಟಿಮುಟ್ಟಾಗವ್ರೆ."

ತಾತ ತೀರಿಕೊಂಡು ಎರಡು ವರ್ಷವಾಗಿತ್ತು.

ಎಲ್ಲ ಬರೆದುಕೊಂಡ ಮೇಲೆ ಡಾಕ್ಟರಮ್ಮ ಚೀಲದಿಂದ ಮುಚ್ಚಳವಿರುವ ಪುಟ್ಟ ತಗಡಿನ ಡಬ್ಬಿಗಳನ್ನು ತೆಗೆದು, ಒಬ್ಬೊಬ್ಬರ ಹೆಸರಿನ ಚೀಟಿ ಅಂಟಿಸಿ, ಬೆಳಗ್ಗೆ ಎದ್ದು ಹಿತ್ತಲಿಗೆ ಹೋದಾಗ ಅದರೊಳಗೆ ಏನು ತುಂಬಿ ಕೊಡಬೇಕು ಅಂತ ನಿಧಾನವಾಗಿ ವಿವರಿಸಿದರು. ಬೀದಿಗೆ ಬೀದಿಯೇ ಸಿಕ್ಕಿಬಿತ್ತು. ಬರೆಸಿದ ಹೆಸರನ್ನು ವಾಪಸ್ಸು ತೆಗೆದುಕೊಂಡು, ಆ ಸುದ್ದಿ ರೇಷನ್ ಆಫೀಸಿಗೆ ಮುಟ್ಟಿದರೆ ಗತಿ?

ಅಜ್ಜಿ ಎರಡೂ ಡಬ್ಬಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಯೋಚಿಸಿತು. ಕೊನೆಗೆ ಒಂದನ್ನು ನನ್ನ ಕಡೆ ತಳ್ಳಿತು. "ನಿನ್ ತಾತಂದು ನೀನೇ ಕೊಟ್ಬುಡ್ಲಾ."

"ತಾತ ಸತ್ತೋಗವ್ರಲ್ಲಜ್ಜಿ."

"ಎರಡು ವರ್ಸದಿಂದ ತಿಂಗ್ಳು ತಿಂಗ್ಳೂ ಅಕ್ಕಿ ತಿಂತಾ ಅವ್ರಲ್ಲ? ತಿಂದೋರು ಇದ್ನೂ ಕೊಡ್ಬೇಕು. ನ್ಯಾಯ ಅಂದ್ರೆ ನ್ಯಾಯ."

ನನಗೆ ಹದಿನೇಳು. ನನ್ನ ಹೆಸರಿಗೆ ಡಬ್ಬಿ ಇರಲಿಲ್ಲ. ಹೀಗೆ ನನ್ನ ಹೊಟ್ಟೆ ತಾತನ ಹೆಸರಿನಲ್ಲಿ ಕೆಲಸಕ್ಕೆ ಸೇರಿತು.

೩. ಬಲಗೈ, ಎಡಗೈ

ಡಬ್ಬಿಗಳನ್ನು ಬೆಳಗ್ಗೆ ಬೆಳಗ್ಗೆಯೇ ಆಸ್ಪತ್ರೆಯಲ್ಲಿರುವ ಡಾಕ್ಟರಮ್ಮನ ಲ್ಯಾಬಿಗೆ ಮುಟ್ಟಿಸಬೇಕು, ಹೊತ್ತಾದರೆ ಒಳಗಿರುವ ಜೀವಿಗಳು ಗಾಳಿಗೆ ಸಾಯುತ್ತವೆ. ಬೆಳಗಿನ ಐದೂವರೆಗೆ ಬೀದಿಯ ಎಲ್ಲ ಬಾಗಿಲು ತೆಗೆಸುವವನು ನಾನೊಬ್ಬನೇ. ಅಜ್ಜಿಯ ಎರಡು ಎಮ್ಮೆಯ ಹಾಲನ್ನು ಮನೆ ಮನೆಗೆ ಹಾಕುತ್ತಿದ್ದೆ. ಡಾಕ್ಟರಮ್ಮ ನನ್ನನ್ನು ಕರೆದು, "ಹಾಲು ಹಾಕಿ ಡಬ್ಬಿ ಇಸ್ಕೊಂಡು ಬಾರೋ" ಅಂದರು.

ಬೀದಿಯ ಹೆಂಗಸರು ಒಪ್ಪಲಿಲ್ಲ. ಮೇಷ್ಟ್ರ ಮನೆಯ ಜಗಲಿಯಲ್ಲಿ ಪಂಚಾಯ್ತಿ ನಡೆದು ತೀರ್ಮಾನವಾಯಿತು. ಬಲಗೈಯಲ್ಲಿ ಹಾಲು, ಎಡಗೈಯಲ್ಲಿ ಡಬ್ಬಿಯ ಬುಟ್ಟಿ, ಏನೇ ಬರಲಿ ಕೈ ಬದಲಾಗಕೂಡದು. ನನಗೆ ಎಡಬಲ ಮರೆಯದಿರಲಿ ಅಂತ ಅಜ್ಜಿ ಎಡಗೈ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿತು.

ಮೂರನೇ ದಿನ ಲ್ಯಾಬಿನ ಬಾಗಿಲಲ್ಲಿ ಡಾಕ್ಟರಮ್ಮ ಆ ದಾರ ನೋಡಿ ಗೌರವದಿಂದ ಕೇಳಿದರು. "ಏನೋ ಹರಕೆ ಹೊತ್ತಿದೀಯಾ? ಯಾವ ದೇವರಿಗೆ?"

ಬುಟ್ಟಿ ಕೆಳಗಿಟ್ಟು ಹೇಳಿದೆ, "ದೇವರು ಯಾರು ಅಂತ ನೀವೇ ಕಂಡುಹಿಡೀಬೇಕಮ್ಮ. ನಾನು ಬರೀ ನೈವೇದ್ಯ ತರೋನು."

೪. ಒಗ್ಗರಣೆ

ಅವರ ಕೆಲಸ ನನಗೆ ಅರ್ಥವಾದದ್ದು ಒಂದೇ ಮಾತಿನಿಂದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಕ್ರಿಮಿಯೂ ಅಕ್ಕಿನುಚ್ಚಿನ ಹಾಗೆ ಒಂದೇ ತರ ಕಾಣುತ್ತವೆ. ಯಾವುದು ಯಾರು ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದೆ.

"ಮದುವೆ ಮನೆಗೆ ಗುರುತಿಲ್ಲದವನೊಬ್ಬ ಬಂದ. ಹೆಸರು ಹೇಳಲ್ಲ, ಊರು ಹೇಳಲ್ಲ. ಯಾರ ಕಡೆಯವನು ಅಂತ ಹ್ಯಾಗೋ ಪತ್ತೆ ಮಾಡ್ತೀಯ?"

"ಪಂಕ್ತಿಗೆ ಕೂರಿಸಿ ಬಡಿಸ್ತೀನಮ್ಮ. ಏನು ತಿಂತಾನೆ, ಎಲೇಲಿ ಏನು ಬಿಡ್ತಾನೆ ನೋಡಿದ್ರೆ ತಿಳೀತದೆ."

"ಅದೇ ಕಣೋ ನನ್ನ ಕೆಲಸ" ಅಂದರು ಡಾಕ್ಟರಮ್ಮ.

ಸಾಲಾಗಿ ಗಾಜಿನ ಟ್ಯೂಬು. ಒಂದೊಂದರಲ್ಲಿ ಒಂದೊಂದು ಬಗೆಯ ಸಕ್ಕರೆ. ಕ್ರಿಮಿ ಅದನ್ನು ತಿಂದರೆ ಬಣ್ಣ ಬದಲಾಗುತ್ತದೆ, ತಿಂದು ತೇಗಿದರೆ ಒಳಗೆ ಬೋರಲಾಗಿ ಹಾಕಿದ ಪುಟ್ಟ ಟ್ಯೂಬಿನಲ್ಲಿ ಗುಳ್ಳೆ ನಿಲ್ಲುತ್ತದೆ. ಯಾವುದನ್ನು ತಿಂತು, ಯಾವುದನ್ನು ಬಿಟ್ಟಿತು, ಯಾವುದಕ್ಕೆ ತೇಗಿತು ಅಂತ ಬರೆದುಕೊಂಡು ದಪ್ಪ ಪುಸ್ತಕದಲ್ಲಿ ಹುಡುಕಿದರೆ ಅದರ ಮನೆತನ ಸಿಗುತ್ತದೆ.

ಅಷ್ಟರಲ್ಲಿ ಕ್ರಿಮಿ ಬೆಳೆಸುವ ಸಾರಿನ ಪುಡಿ ಮುಗಿಯಿತು. ಅದು ಪರದೇಶದಿಂದ ಬರಬೇಕು, ಹಡಗು ಯಾವಾಗ ಬಂದೀತೋ ಯಾರಿಗೂ ತಿಳಿಯದು. ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ನಾನು ತಮಾಷೆಗೆ, "ನಮ್ಮಜ್ಜಿ ಹುರುಳಿ ಬೇಯಿಸಿ ಬಸಿದ ಕಟ್ಟು ಒಂದು ದಿನ ಮರೆತಿಟ್ರೆ ಸಾಕಮ್ಮ, ಅದರಲ್ಲಿ ಏನು ಬೇಕಾದ್ರೂ ಬೆಳೀತದೆ" ಅಂದೆ. ಅವರು ನಗಲಿಲ್ಲ. "ನಾಳೆ ತಗೊಂಡು ಬಾ" ಅಂದರು.

ಮಾರನೆಯ ದಿನ ಕಟ್ಟನ್ನು ಟ್ಯೂಬಿಗೆ ಹಾಕಿ, ಕುದಿಸಿ, ಕ್ರಿಮಿ ಬಿಟ್ಟು ಕಾದರು. ಎರಡು ದಿನವಾದರೂ ಒಂದೂ ಬೆಳೆಯಲಿಲ್ಲ. ಸೀಸೆಯಲ್ಲಿ ಮಿಕ್ಕದ್ದನ್ನು ಮೂಸಿ ನೋಡಿದರೆ ಹುಣಸೆ, ಉಪ್ಪು, ಮೆಣಸಿನಕಾಯಿ ಒಗ್ಗರಣೆ.

ಅಜ್ಜಿಯನ್ನು ಕೇಳಿದೆ. "ಬರೀ ಕಟ್ಟು ತಾ ಅಂದಿದ್ದೆ, ಒಗ್ಗರಣೆ ಯಾಕಜ್ಜಿ ಹಾಕ್ದೆ?"

"ಅಯ್ಯೋ ಮೂದೇವಿ, ಒಗ್ರಣೆ ಇಲ್ದಿರೋ ಸಾರ ಇನ್ನೊಬ್ರ ಮನೇಗೆ ಕಳ್ಸಾಕಾದದಾ? ಅದು ಉಳಾನೇ ಆಗ್ಲಿ, ನೆಂಟ್ರು ನೆಂಟ್ರೇ."

ಮಿಕ್ಕ ಸಾರನ್ನು ಚೆಲ್ಲುತ್ತಾರೆ ಅಂದುಕೊಂಡಿದ್ದೆ. ಮಧ್ಯಾಹ್ನ ಹೋಗಿ ನೋಡಿದರೆ ಡಾಕ್ಟರಮ್ಮ ಊಟದ ಡಬ್ಬಿಯ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದರು. ಕ್ರಿಮಿ ಮುಟ್ಟದ ಊಟ ಅದೊಂದೇ ಅಂತ ಅವರಿಗೆ ಲೆಕ್ಕಸಹಿತ ಸಾಬೀತಾಗಿತ್ತು.

೫. ಅಪರೂಪದ ಮನುಷ್ಯ

ಒಗ್ಗರಣೆಯಿಲ್ಲದ ಕಟ್ಟಿನಲ್ಲಿ ಮಾತ್ರ ಎಲ್ಲವೂ ಚೆನ್ನಾಗಿ ಬೆಳೆದವು. ತಾತನ ಹೆಸರಿನ ಡಬ್ಬಿಯಿಂದ ಒಂದು ಬೇರೆಯೇ ಎದ್ದು ಬಂತು. ಉಳಿದವು ಮುಗಿಬಿದ್ದು ತಿನ್ನುವ ಸಕ್ಕರೆಯನ್ನು ಅದು ಮುಟ್ಟಲಿಲ್ಲ. ಉಳಿದವು ಎಲೆಯಲ್ಲಿ ಬಿಡುವುದನ್ನು ತಿಂದು ತೇಗಿತ್ತು. ಡಾಕ್ಟರಮ್ಮ ಮೂರು ವಾರ ದಪ್ಪ ಪುಸ್ತಕ ಹುಡುಕಿದರು. ಅಂಥ ಮನೆತನ ಅದರಲ್ಲಿ ಇರಲಿಲ್ಲ. ಹೊಸದು.

ಅವರ ಮೇಲೆ ಒಬ್ಬರು ದೊಡ್ಡ ಡಾಕ್ಟರಿದ್ದರು. ಯಾವತ್ತೂ ನಗದವರು. ಆರೋಗ್ಯವಂತರ ಹೊಟ್ಟೆಯಲ್ಲಿ ಹುಡುಕಾಡುವುದು ದಂಡ, ಈ ಬೇಸಿಗೆಯೊಳಗೆ ಏನೂ ಸಿಗದಿದ್ದರೆ ಲ್ಯಾಬಿನ ಕೋಣೆಯನ್ನು ಮುರಿದ ಮಂಚ ತುಂಬಲು ಕೊಡುತ್ತೇನೆ ಅಂತ ಮೊದಲೇ ಹೇಳಿದ್ದರು. ಡಾಕ್ಟರಮ್ಮನ ಮೂರು ವರ್ಷದ ಕೆಲಸವೆಲ್ಲ ಆ ಒಂದು ಕೋಣೆಯಲ್ಲಿತ್ತು. ಅವರು ಟ್ಯೂಬಿನ ಸಾಲನ್ನು ತೋರಿಸಿದಾಗ ದೊಡ್ಡ ಡಾಕ್ಟರು ಕನ್ನಡಕ ತೆಗೆದರು.

"ಒಂದು ಸಲ ಬಂದರೆ ಧೂಳು. ಎರಡು ಸಲ ಬಂದರೆ ನೀವು ಕೈ ತೊಳೆದಿಲ್ಲ. ಮೂರು ಸಲ ಬಂದರೆ ಆಗ ಮಾತಾಡೋಣ."

ಮೂರು ಸಲವೂ ಬಂತು. ಬರದೆ ಏನು, ಮೂರು ಸಲವೂ ಕೊಟ್ಟವನು ನಾನೇ.

"ಸರಿ. ಭಾನುವಾರ ಬಂದು ಆ ಯಜಮಾನರನ್ನು ಕಣ್ಣಾರೆ ನೋಡ್ತೀನಿ. ನೋಡಿದರೆ ನಿಮ್ಮ ವರದಿಗೆ ಸಹಿ. ಇಲ್ಲದಿದ್ದರೆ ಕೋಣೆ ಮಂಚಗಳಿಗೆ."

ಡಾಕ್ಟರಮ್ಮ ನಗುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಬುಟ್ಟಿ ಹಿಡಿದು ನಿಂತಿದ್ದ ನನ್ನ ಭುಜ ತಟ್ಟಿ, "ನಿಮ್ಮ ತಾತ ಎಂಥಾ ಅಪರೂಪದ ಮನುಷ್ಯರು ಕಣೋ!" ಅಂದರು.

"ಹೌದಮ್ಮ" ಅಂದೆ. "ಈಗೀಗಂತೂ ತುಂಬಾ ಅಪರೂಪ."

೬. ತಾತನ ನಡಿಗೆ

ಭಾನುವಾರಕ್ಕೆ ಮುಂಚೆ ಒಂದು ಸಲ ಮಾತಾಡಿಸಿ ಬರೋಣ ಅಂತ ಡಾಕ್ಟರಮ್ಮ ದಿನಾ ಸಾಯಂಕಾಲ ನಮ್ಮ ಮನೆಗೆ ಬರತೊಡಗಿದರು. ನಮ್ಮ ಕಾರ್ಡು ಸಿಕ್ಕಿಬಿದ್ದರೆ ಇನ್ಸ್‌ಪೆಕ್ಟರು ಬೀದಿಯ ಎಲ್ಲ ಕಾರ್ಡನ್ನೂ ಜಾಲಾಡುತ್ತಾರೆ. ಹಾಗಾಗಿ ಯಾರೂ ಯಾರಿಗೂ ಹೇಳದೆಯೇ ಬೀದಿಯೆಲ್ಲ ಸೇರಿ ತಾತನನ್ನು ಬದುಕಿಸಿತು.

"ಈಗ ತಾನೆ ಬೆಟ್ಟದ ಪಾದದ ಕಡೆ ಹೋದರಲ್ಲ" ಅಂದರು ಎದುರು ಮನೆಯವರು. ಹೆಬ್ಬಾಳದ ನೆಂಟರ ಮನೆಗೆ ನಡೆದು ಹೋದರು ಅಂದರು ಪಕ್ಕದವರು. ಮೇಷ್ಟ್ರು, "ಮಾರ್ಕೆಟ್ಟಲ್ಲಿ ಸಿಕ್ಕಿದ್ರು, ನನಗಿಂತ ಬೇಗ ನಡೀತಾರೆ" ಅಂದರು. ಡಾಕ್ಟರಮ್ಮ ರಿಜಿಸ್ಟರು ತೆಗೆದು, ಎಪ್ಪತ್ತೊಂದರ ಪ್ರಾಯದಲ್ಲೂ ದಿನಕ್ಕೆ ಎಂಟು ಮೈಲಿ ನಡಿಗೆ, ಈ ಕ್ರಿಮಿಗೂ ಇದಕ್ಕೂ ಸಂಬಂಧವಿರಬಹುದು ಅಂತ ಬರೆದುಕೊಂಡರು.

ಬದುಕಿದ್ದಷ್ಟು ದಿನ ತಾತ ಜಗಲಿಯಿಂದ ಇಳಿದವರಲ್ಲ.

ಶನಿವಾರ ಡಾಕ್ಟರಮ್ಮ ಅಜ್ಜಿಯ ಕೈ ಹಿಡಿದುಕೊಂಡು, "ಅಜ್ಜಿ, ಹೊಸ ಜೀವಿ ಸಿಕ್ಕಿದರೆ ಅದಕ್ಕೆ ಹೆಸರಿಡೋ ಹಕ್ಕು ನಮ್ಮದು. ನಿಮ್ಮ ಯಜಮಾನರ ಹೆಸರನ್ನೇ ಇಡ್ತೀನಿ. ಪ್ರಪಂಚದಲ್ಲಿ ಎಲ್ಲೇ ಯಾರೇ ಓದಿದರೂ ಅವರ ಹೆಸರನ್ನೇ ಹೇಳಬೇಕು" ಅಂದರು.

ಅವರು ಹೋದ ಮೇಲೆ ಅಜ್ಜಿ ರೇಷನ್ ಕಾರ್ಡು ತೆಗೆದು, ಓದಲು ಬಾರದಿದ್ದರೂ ತಾತನ ಹೆಸರಿರುವ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿತು. "ಸಮಾದಿ ಮ್ಯಾಲೆ ಒಂದು ಎಸ್ರಿನ ಕಲ್ಲು ಆಕ್ಸಾಕೂ ಆಗ್ಲಿಲ್ಲ ಕಣ್ಲಾ ನನ್ ಕೈಲಿ" ಅಂದಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೂ ಬರೆದಿದ್ದೇನೆ.

೭. ಅಪ್ಪಣೆ

ಭಾನುವಾರ ಬೆಳಗ್ಗೆ ಮೇಷ್ಟ್ರು ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದರು. ನೂರು ಸಲ "ಸತ್ಯವನ್ನೇ ನುಡಿ" ಬರೆಸಿದ ಅದೇ ಕೈಯಿಂದ ತಾತನ ರುಮಾಲು ಸುತ್ತಿಕೊಂಡರು, ತಾತನ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿ ತಲೆತುಂಬ ಕಂಬಳಿ ಎಳೆದುಕೊಂಡರು. "ಚಳಿಜ್ವರ ಅಂತ ಹೇಳಿ. ಮಾತೆಲ್ಲ ನಾನು ನೋಡ್ಕೋತೀನಿ" ಅಂತ ಒಳಗಿನಿಂದ ದನಿ ಬಂತು.

ದೊಡ್ಡ ಡಾಕ್ಟರು ಬಂದರು. ಹಿಂದೆ ಡಾಕ್ಟರಮ್ಮ. ಜಗಲಿ ತುಂಬ ಬೀದಿಯ ಜನ.

"ಯಜಮಾನರೇ, ವಯಸ್ಸೆಷ್ಟು?"

"ಎಪ್ಪತ್ತೊಂದು" ಅಂತ ಕಂಬಳಿ ನಡುಗಿತು.

"ಊಟಕ್ಕೇನು?"

"ಮುದ್ದೆ, ಹುರುಳಿ ಸಾರು."

"ನಾಲಿಗೆ ತೋರಿಸಿ."

ಕಂಬಳಿ ಯೋಚನೆಗೆ ಬಿತ್ತು. ಆಗ ಅಜ್ಜಿ ಮುಂದೆ ಬಂದು ಕಂಬಳಿಯನ್ನು ಸರಕ್ಕನೆ ಎಳೆದುಬಿಟ್ಟಿತು. "ಏಳಿ ಮೇಷ್ಟ್ರೇ. ಅದು ನನ್ ಗಂಡನ ಜಾಗ."

"ಮೇಷ್ಟ್ರೇ, ನೀವಾ?" ಅಂದರು ಡಾಕ್ಟರಮ್ಮ.

ಅಜ್ಜಿ ರೇಷನ್ ಕಾರ್ಡನ್ನು ಡಾಕ್ಟರಮ್ಮನ ಕೈಯಲ್ಲಿಟ್ಟಿತು. "ಅವ್ರು ಓಗಿ ಎರಡು ವರ್ಸ ಆಯ್ತು ಕಣವ್ವ. ಅವ್ರೆಸ್ರಲ್ಲಿ ಅಕ್ಕಿ ತಿಂದೆ, ಒಟ್ಟೆ ಪಾಡು. ಅವ್ರೆಸ್ರ ಪುಸ್ತಕಕ್ಕೆ ಆಕೋವಾಗ ಸುಳ್ಳಾಗಿರಬಾರ್ದು. ಕಾರ್ಡಿಂದ ಎಸ್ರ ಒಡ್ದಾಕ್ಬುಡಿ."

ಡಾಕ್ಟರಮ್ಮನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ದೊಡ್ಡ ಡಾಕ್ಟರು ಮಾತ್ರ ಅದೇ ದನಿಯಲ್ಲಿ ಕೇಳಿದರು. "ಹಾಗಾದರೆ ಮೂರು ಡಬ್ಬಿ ಯಾರದ್ದು?"

"ನಂದು ಸಾರ್" ಅಂದೆ.

ಜಗಲಿಯೆಲ್ಲ ಗೊಳ್ ಅಂತು. "ಈ ಹೊತ್ತಲ್ಲೂ ತಮಾಷೆನಾ ಮುಂಡೇದೆ?" ಅಂತ ಯಾರೋ ಕೂಗಿದರು. "ಇವನ ಮಾತು ನಂಬಬೇಡಿ ಸ್ವಾಮಿ, ಹುಟ್ಟಾ ಸುಳ್ಳ ಇವನು" ಅಂದರು ಮೇಷ್ಟ್ರು, ತಲೆ ಮೇಲೆ ತಾತನ ರುಮಾಲು ಇಟ್ಟುಕೊಂಡೇ.

ಡಾಕ್ಟರಮ್ಮ ನನ್ನ ಹತ್ತಿರ ಬಂದರು. ಬೈಯಲಿಲ್ಲ. "ನಿಜ ಹೇಳು. ನನ್ನ ಕೋಣೆ ಹೋಗತ್ತೆ ಕಣೋ" ಅಂದರು. ನಾನು ಕೆಂಪು ದಾರದ ಕೈ ಮುಂದೆ ಚಾಚಿ, "ಡಬ್ಬಿ ಕೊಡಿ ಅಮ್ಮ" ಅಂದೆ.

"ಸರಿ. ಇವನ ಡಬ್ಬಿಯಿಂದ ಅದೇ ಬಂದರೆ ಎಪ್ಪತ್ತೊಂದು ಹೊಡೆದು ಹದಿನೇಳು ಅಂತ ಬರೆದು ಸಹಿ ಹಾಕ್ತೀನಿ. ನಾನು ಇಲ್ಲೇ ಕೂತಿರ್ತೀನಿ" ಅಂದರು ದೊಡ್ಡ ಡಾಕ್ಟರು.

ಆದರೆ ಬರಬೇಕಲ್ಲ? ಬೀದಿಗೆ ಬೀದಿಯೇ ಕೂತು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರೆ ಯಾರಿಗೆ ಬಂದೀತು? ಅಜ್ಜಿ ಬಿಸಿನೀರು ಕುಡಿಸಿತು. ಎದುರು ಮನೆಯವರು ಬಾಳೆಹಣ್ಣು ತಂದರು. ಯಾರೋ ಎರಡು ಸುತ್ತು ಓಡಿಸಿದರು. ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ದೊಡ್ಡ ಡಾಕ್ಟರು ಎರಡು ಸಲ ಗಡಿಯಾರ ನೋಡಿದರು.

ಆಮೇಲೆ ಆದದ್ದೆಲ್ಲ ಫೈಲಿನಲ್ಲಿದೆ. ನಾಲ್ಕನೇ ಡಬ್ಬಿಯಿಂದ ಮೂರನೇ ದಿನಕ್ಕೆ ಹುರುಳಿ ಕಟ್ಟಿನಲ್ಲಿ ಅದೇ ಕ್ರಿಮಿ ಎದ್ದು ಬಂತು. ಕೋಣೆ ಡಾಕ್ಟರಮ್ಮನಿಗೇ ಉಳಿಯಿತು. ಮಂಚಗಳು ಬೇರೆಲ್ಲೋ ಹೋದವು. ಅಜ್ಜಿ ತಾನೇ ರೇಷನ್ ಡಿಪೋಗೆ ಹೋಗಿ ತಾತನ ಹೆಸರನ್ನು ಹೊಡೆಸಿಕೊಂಡು ಬಂತು. ಆದರೆ ಕ್ರಿಮಿಗೆ ಹೆಸರಿಡುವ ಕಾಗದದಲ್ಲಿ ಡಾಕ್ಟರಮ್ಮ ಬರೆದದ್ದು ತಾತನ ಹೆಸರನ್ನೇ. ಆ ವಾರ ಬೀದಿಯಲ್ಲಿ ಆರು ಖಾಲಿ ಡಬ್ಬಿಗಳು ಹೆಸರಿನ ಚೀಟಿ ಕೆರೆದ ಸ್ಥಿತಿಯಲ್ಲಿ ಅವರ ಬಾಗಿಲ ಮುಂದೆ ಬಿದ್ದಿದ್ದವು. ಯಾರಿಟ್ಟರು ಅಂತ ಅವರು ಕೇಳಲಿಲ್ಲ.

ಫೈಲಿನಲ್ಲಿ ಇಲ್ಲದ್ದು ಒಂದಿದೆ.

ಅವತ್ತು ಹನ್ನೆರಡೂವರೆಗೆ ಹೊಟ್ಟೆಯೊಳಗೆ ಗುಡುಗುಡು ಅಂತು. ಡಬ್ಬಿ ಹಿಡಿದು ಎದ್ದೆ. ಹಿತ್ತಲಿಗೆ ಹೋಗುವ ಬಾಗಿಲಲ್ಲಿ ಮೇಷ್ಟ್ರು ಕೂತಿದ್ದರು. ಅವರನ್ನು ಎದುರಿಗೆ ಕಂಡದ್ದೇ ತಡ, ಕಾಲು ಅಲ್ಲೇ ನಿಂತಿತು. ಮೂರು ವರ್ಷವಾದರೂ ಕೈಗೆ ಅಭ್ಯಾಸ ಬಿಟ್ಟಿರಲಿಲ್ಲ. ನನಗೇ ಗೊತ್ತಿಲ್ಲದ ಹಾಗೆ ಮೇಲೆದ್ದು ಎರಡು ಬೆರಳು ತೋರಿಸಿತು.

ಜಗಲಿಯಲ್ಲಿ ಒಬ್ಬರೂ ನಗಲಿಲ್ಲ.

ಮೇಷ್ಟ್ರು ಬೆರಳನ್ನು ನೋಡಿದರು. ನನ್ನ ಮುಖ ನೋಡಿದರು. ಎದ್ದು ನಿಂತು, ತಾತನ ರುಮಾಲನ್ನು ತಲೆಯಿಂದ ತೆಗೆದು ಕಂಕುಳಿಗೆ ಸಿಕ್ಕಿಸಿ, ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದು, ಎರಡೂ ಕೈ ಜೋಡಿಸಿದರು.

"ಹೋಗಿ ಬಾರಪ್ಪಾ. ಎಷ್ಟು ಹೊತ್ತಾದರೂ ಚಿಂತೆಯಿಲ್ಲ, ನಿಧಾನವಾಗಿ ಹೋಗಿ ಬಾ."